ಮಾನ್ಯಖೇಟದ ಅಂಕಿಯ ಹಾರಗಳು

ಆಳಂದ ತಾಲ್ಲೂಕಿನ ಖಜೂರಿ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಸುತ್ತಲೂ ತೊಗರಿಯ ಸೀಮೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕ್ವಿಂಟಲ್ಲಿನ ಲೆಕ್ಕ ನಡೆಯುತ್ತದೆ, ಸಾವಿರದ ಲೆಕ್ಕ ನಡೆಯುತ್ತದೆ, ಹೆಚ್ಚೆಂದರೆ ಲಕ್ಷದ ಲೆಕ್ಕ. ಕೋಟಿಯ ಮಾತು ಬಂದರೆ ಅದು ಸರ್ಕಾರದ ಬಾಬತ್ತು. ಕೋಟಿಯ ಆಚೆಗೆ ಏನೆಂದು ಕೇಳಿದರೆ, ಖಜೂರಿಯಲ್ಲೇನು, ಬೆಂಗಳೂರಿನಲ್ಲೂ ನೂರು ಕೋಟಿ, ಸಾವಿರ ಕೋಟಿ, ಲಕ್ಷ ಕೋಟಿ ಎಂದು ಹಳೆಯ ಹೆಸರುಗಳನ್ನೇ ಒಂದರ ಮೇಲೊಂದು ಪೇರಿಸುತ್ತಾರೆ. ಹೊಸ ಹೆಸರು ಯಾರ ಬಾಯಿಗೂ ಬರುವುದಿಲ್ಲ.

ಇದೇ ಜಿಲ್ಲೆಯಲ್ಲಿ, ಖಜೂರಿಯಿಂದ ಆಗ್ನೇಯಕ್ಕೆ ಕಲಬುರಗಿಯನ್ನು ದಾಟಿ ಹೋದರೆ ಸೇಡಂ ತಾಲ್ಲೂಕಿನ ಮಳಖೇಡ ಸಿಗುತ್ತದೆ. ಕಾಗಿಣಾ ನದಿಯ ದಂಡೆ, ಕುಸಿದ ಕೋಟೆ, ಒಂದು ನೇಮಿನಾಥ ಬಸದಿ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಇದೇ. ಇಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ. ಆ ಗ್ರಂಥದಲ್ಲಿ ಒಂದು ಸಂಖ್ಯೆಯ ವರ್ಣನೆಯಿದೆ. ಅದು ಒಂದರಿಂದ ಆರಂಭವಾಗಿ, ಒಂದೊಂದಾಗಿ ಏರಿ ಆರನ್ನು ಮುಟ್ಟಿ, ಏರಿದ ಮೆಟ್ಟಿಲಲ್ಲೇ ಮತ್ತೆ ಒಂದಕ್ಕೆ ಇಳಿಯುತ್ತದೆ: 12345654321.

ಇಂದಿನ ರೂಢಿಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಹೀಗೆ ಓದಿದರೆ ಅದರ ಚೆಲುವೆಲ್ಲ ಹೋಯಿತು. ಸಂಖ್ಯೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಹೇಗಿದೆ, ಯಾವುದರಿಂದ ಆಗಿದೆ ಎಂಬುದು ಮಹಾವೀರನ ಕುತೂಹಲ. 27994681ನ್ನು 441ರಿಂದ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಓದುಗರು ಬೇಕಾದರೆ ಪೆನ್ಸಿಲು ಹಿಡಿದು ಗುಣಿಸಿ ನೋಡಬಹುದು.

ನೃಪತುಂಗನ ಹೆಸರೆತ್ತಿದೊಡನೆ ಕನ್ನಡಿಗರಿಗೆ ನೆನಪಾಗುವುದು 'ಕವಿರಾಜಮಾರ್ಗ'. ಶಾಲೆಯ ಮಕ್ಕಳಿಗೂ ಗೊತ್ತಿರುವ ಹೆಸರು ಅದು. ಅದೇ ಅರಸನನ್ನು ಆರಂಭದ ಪದ್ಯಗಳಲ್ಲಿ ಕೊಂಡಾಡುವ ಗಣಿತಗ್ರಂಥ ಮಾತ್ರ ಸಾಹಿತ್ಯದ ಚರಿತ್ರೆಗಳಲ್ಲಿ ಒಂದು ಸಾಲಿನ ಉಲ್ಲೇಖವಾಗಿ ಉಳಿಯಿತು. ಗ್ರಂಥ ಸಂಸ್ಕೃತದ್ದೆಂಬುದು ಒಂದು ಕಾರಣವಿರಬಹುದು. ಲೆಕ್ಕವೆಂದರೆ ಸಂಸ್ಕೃತಿಯ ಹೊರಗಿನದು ಎಂಬ ನಮ್ಮ ಅಭ್ಯಾಸವೇ ದೊಡ್ಡ ಕಾರಣವೆನ್ನಬೇಕು. ಮಹಾವೀರನಿಗೆ ಆ ಅಭ್ಯಾಸವಿರಲಿಲ್ಲ. ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ಕಡೆಗೆ ಅಡುಗೆಯ ಶಾಸ್ತ್ರಕ್ಕೂ ಗಣಿತ ಬೇಕೆಂದು ಅವನು ಪೀಠಿಕೆಯಲ್ಲೇ ಪಟ್ಟಿ ಕೊಡುತ್ತಾನೆ.

ಮೊದಲು ಹೆಸರುಗಳ ವಿಷಯ. ಮಹಾವೀರ 24 ಸ್ಥಾನಗಳನ್ನು ಹೆಸರಿಸುತ್ತಾನೆ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಕೊನೆಯ ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ. ಕ್ರಿ.ಶ. 499ರಲ್ಲಿ ಆರ್ಯಭಟ ಹತ್ತು ಸ್ಥಾನಗಳಿಗೆ ನಿಲ್ಲಿಸಿದ್ದ. 1150ರಲ್ಲಿ 'ಲೀಲಾವತಿ' ಬರೆದ ಭಾಸ್ಕರಾಚಾರ್ಯನ ಪಟ್ಟಿ 18ಕ್ಕೆ, ಪರಾರ್ಧದಲ್ಲಿ ಮುಗಿಯುತ್ತದೆ. (ಭಾಸ್ಕರನ ಊರಾದ ವಿಜ್ಜಡವಿಡ ನಮ್ಮ ವಿಜಯಪುರವೇ ಹೌದೇ ಅಲ್ಲವೇ ಎಂಬ ವಾದ ಬೇರೆಯದೇ ಕಥೆ.)

ಈ ಹೆಸರುಗಳನ್ನು ನಂಬಿ ಸಾಲ ಕೊಡುವಂತಿಲ್ಲ. ಮಹಾವೀರನ ಖರ್ವಕ್ಕೆ 12 ಸೊನ್ನೆ; ಭಾಸ್ಕರನ ಖರ್ವಕ್ಕೆ ಹತ್ತೇ. ಒಬ್ಬನ ಖರ್ವ ಇನ್ನೊಬ್ಬನ ಖರ್ವದ ನೂರು ಪಟ್ಟು! ಮಹಾಪದ್ಮದಲ್ಲಿ ವ್ಯತ್ಯಾಸ ಸಾವಿರ ಪಟ್ಟು. ಹೆಸರು ಊರಿಂದೂರಿಗೆ, ಶತಮಾನದಿಂದ ಶತಮಾನಕ್ಕೆ ಬದಲಾಯಿತು. ಪ್ರತಿ ಸ್ಥಾನವೂ ಹಿಂದಿನದರ ಹತ್ತು ಪಟ್ಟು ಎಂಬುದು ಮಾತ್ರ ಬದಲಾಗಲಿಲ್ಲ. ಆ ಕ್ರಮ ಗಟ್ಟಿಯಾಗಿದ್ದರಿಂದಲೇ ಅಂಕಿಗಳನ್ನು ಮಣಿಗಳಂತೆ ಸಾಲಾಗಿ ಪೋಣಿಸುವ ಆಟ ಸಾಧ್ಯವಾಯಿತು.

ಆ ಆಟ ಗುಣಾಕಾರದ ಭಾಗದಲ್ಲಿ ಬರುತ್ತದೆ. ಬಸದಿಗಳಿಗೆ ಹೂವು, ರತ್ನ ಅರ್ಪಿಸುವ ಸಾಮಾನ್ಯ ಲೆಕ್ಕಗಳನ್ನು ಹೇಳುತ್ತ ಹೇಳುತ್ತ ಮಹಾವೀರ ಇದ್ದಕ್ಕಿದ್ದಂತೆ ಬೇರೆ ಜಾತಿಯ ಲೆಕ್ಕಗಳನ್ನು ಎದುರಿಗಿಡುತ್ತಾನೆ. ಬಿಡಿ ಸ್ಥಾನದಿಂದ ಎಡಕ್ಕೆ ಇಂಥಿಂಥ ಅಂಕಿಗಳನ್ನು ಬರೆ, ಇಂಥದರಿಂದ ಗುಣಿಸು, ಬಂದದ್ದನ್ನು ಹಾರವೆಂದು ಕರೆ ಎಂಬುದು ಅವುಗಳ ರೀತಿ. ಕಂಠಿಕೆ, ಕಂಠಾಭರಣ, ರಾಜಕಂಠಿಕೆ ಎಂಬಂಥ ಹೆಸರುಗಳು ಈ ಗುಣಲಬ್ಧಗಳಿಗೆ. ಹಾರವನ್ನು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ. ಈ ಸಂಖ್ಯೆಗಳೂ ಹಾಗೆಯೇ.

139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳು. 14287143ನ್ನು 7ರಿಂದ ಗುಣಿಸಿದರೆ 100010001. ನಡುವೆ ಇನ್ನೊಂದು ಅಂಕಿ ಸೇರಿಸಿ 142857143 ಎಂದು ಮಾಡಿ ಅದೇ 7ರಿಂದ ಗುಣಿಸಿದರೆ 1000000001: ಎರಡು ತುದಿಗೆ ಎರಡು ಮಣಿ, ನಡುವೆಲ್ಲ ಬರಿಯ ದಾರ. 333333666667ನ್ನು 33ರಿಂದ ಗುಣಿಸಿದರೆ 11000011000011. ಕ್ಯಾಲ್ಕುಲೇಟರ್ ಬಂದ ಮೇಲೆ ಇವೆಲ್ಲ ನಮಗೆ ಮೋಜೆನಿಸಬಹುದು. ಹಲಗೆಯ ಮೇಲೆ ಧೂಳು ಹರಡಿ ಲೆಕ್ಕ ಮಾಡುತ್ತಿದ್ದ ವಿದ್ಯಾರ್ಥಿಗೆ ಇವು ಪರೀಕ್ಷೆಯೂ ಹೌದು. ಕೈ ಎಲ್ಲಿಯಾದರೂ ತಪ್ಪಿದ್ದರೆ ಹಾರ ಕೆಡುತ್ತದೆ, ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ.

ಆದರೆ ಈ ಗುಣಕಗಳನ್ನು ಮಹಾವೀರ ಹುಡುಕಿದ್ದು ಹೇಗೆ? ಹಾರಗಳನ್ನು ಬಿಚ್ಚಿ ನೋಡಿದರೆ ಜಾಡು ಸಿಗುತ್ತದೆ. 11011011ನ್ನು 91ರಿಂದ ಗುಣಿಸಿ 1002002001 ಪಡೆಯುವ ಲೆಕ್ಕವೊಂದಿದೆ. 91 ಎಂದರೆ 7 ಮತ್ತು 13ರ ಗುಣಲಬ್ಧ. 11011011 ಎಂದರೆ 1001001ರ ಹನ್ನೊಂದು ಪಟ್ಟು. 7, 11, 13 ಮೂರನ್ನೂ ಕೂಡಿಸಿ ಗುಣಿಸಿದರೆ 1001. ಅಂದರೆ ಇಡೀ ಲೆಕ್ಕ 1001001ನ್ನು 1001ರಿಂದ ಗುಣಿಸುವುದಷ್ಟೇ. ಅದನ್ನು ಬಾಯಲ್ಲೇ ಮಾಡಬಹುದು. ಮಹಾವೀರ 1001ನ್ನು ಒಡೆದು, ಒಂದು ತುಂಡನ್ನು ಈ ಕಡೆಗೂ ಉಳಿದೆರಡನ್ನು ಆ ಕಡೆಗೂ ಹಾಕಿ, ಗುರುತು ಸಿಗದಂತೆ ಬಚ್ಚಿಟ್ಟಿದ್ದಾನೆ.

12345654321ರ ಗುಟ್ಟೂ ಇಂಥದೇ. ಅದು 111111ರ ವರ್ಗ. ಆರು ಒಂದುಗಳ ಈ ಸಂಖ್ಯೆಯನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಸಿಗುತ್ತವೆ. 3 ಮತ್ತು 7 ಸೇರಿ 21, ಅದರ ವರ್ಗ 441. ಉಳಿದ ಮೂರು ಸೇರಿ 5291, ಅದರ ವರ್ಗ 27994681. ಎರಡು ವರ್ಗಗಳನ್ನು ಗುಣಿಸಿದರೆ ಹಾರ ಸಿದ್ಧ. ಒಂಬತ್ತು ಒಂದುಗಳ ಹಾರವನ್ನು ಅವನು ಎರಡು ರೀತಿಯಲ್ಲಿ ಕಟ್ಟಿಸುತ್ತಾನೆ: 12345679ನ್ನು 9ರಿಂದ ಗುಣಿಸಿ ಒಮ್ಮೆ, 37037037ನ್ನು 3ರಿಂದ ಗುಣಿಸಿ ಇನ್ನೊಮ್ಮೆ. ಎರಡೂ ಬೇರೆಬೇರೆ ಲೆಕ್ಕಗಳಂತೆ ಕಾಣುತ್ತವೆ. ಎರಡನೆಯದು ಮೊದಲನೆಯದರ ಮೂರು ಪಟ್ಟು, ಅಷ್ಟೇ. ಮೊದಲನೆಯದರಲ್ಲಿ ಎಂಟರ ಅಂಕಿ ತಪ್ಪಿಹೋಗಿರುವುದನ್ನು ಗಮನಿಸಬೇಕು. ಎಂಟನ್ನು ಸೇರಿಸಿದರೆ ಹಾರ ಬರುವುದಿಲ್ಲ.

ಇದನ್ನು ಹೇಳುವಾಗ ಹೊಗಳಿಕೆಗೆ ಕಡಿವಾಣವೂ ಬೇಕು. ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಇದೇ ಮಹಾವೀರ ಬರೆದಿದ್ದಾನೆ. ಅದು ತಪ್ಪು. ದೊಡ್ಡ ಸಂಖ್ಯೆಗಳನ್ನು ಮಣಿಗಳಂತೆ ಆಡಿಸಿದವನು ಸೊನ್ನೆಯ ಮುಂದೆ ಎಡವಿದ.

ಈ ಕುತೂಹಲ ಅವನೊಬ್ಬನದೇ ಅಲ್ಲ. ಜೈನ ಪರಂಪರೆಗೆ ದೊಡ್ಡ ಸಂಖ್ಯೆಗಳೆಂದರೆ ಮೊದಲಿನಿಂದ ಮೋಹ. ಲೋಕದ ಅಳತೆ, ಕಾಲದ ಅಳತೆ, ಜೀವಗಳ ಎಣಿಕೆ ಎಲ್ಲವೂ ಅವರ ಶಾಸ್ತ್ರದಲ್ಲಿ ಅಂಕಿಗಳಲ್ಲೇ ಇರಬೇಕು. 84 ಲಕ್ಷವನ್ನು 84 ಲಕ್ಷದಿಂದ ಗುಣಿಸುತ್ತ ಹೋಗಿ, 28ನೆಯ ಘಾತಕ್ಕೆ ಮುಟ್ಟಿದಾಗ ಬರುವ ಸಂಖ್ಯೆಗೆ 'ಶೀರ್ಷಪ್ರಹೇಲಿಕಾ' ಎಂದು ಹೆಸರು. ಬರೆದರೆ 194 ಅಂಕಿ: ಮೊದಲು 54 ಅಂಕಿ, ಹಿಂದೆ 140 ಸೊನ್ನೆ.

ಇಷ್ಟಕ್ಕೂ ಅವರು ತೃಪ್ತರಾಗದೆ ಸಂಖ್ಯೆಗಳನ್ನು ವರ್ಗೀಕರಿಸಿದರು. ಎಣಿಸಬಹುದಾದದ್ದು ಸಂಖ್ಯಾತ, ಎಣಿಕೆಗೆ ಮೀರಿದ್ದು ಅಸಂಖ್ಯಾತ, ಕೊನೆಯಿಲ್ಲದ್ದು ಅನಂತ. ಪ್ರತಿಯೊಂದರಲ್ಲೂ ಒಳಭೇದಗಳು. ಸಂಖ್ಯಾತ ಎಲ್ಲಿ ಮುಗಿಯುತ್ತದೆ ಎಂಬುದನ್ನು ತೋರಿಸಲು ಸಾಸಿವೆಯ ಉಪಮೆಯಿದೆ. ಲಕ್ಷ ಯೋಜನ ಅಡ್ಡಳತೆಯ, ನಮ್ಮ ಕಡೆಯ ಹಗೇವಿನಂಥ ಗುಂಡಿಯನ್ನು ಬಿಳಿ ಸಾಸಿವೆಯಿಂದ ತುಂಬಬೇಕು. ಅದರಿಂದ ಒಂದು ದ್ವೀಪಕ್ಕೆ ಒಂದು ಕಾಳು, ಒಂದು ಸಮುದ್ರಕ್ಕೆ ಒಂದು ಕಾಳು ಎಂದು ಹಾಕುತ್ತ ಹೋಗಬೇಕು. ಕಾಳು ಮುಗಿದಲ್ಲಿ ಅಷ್ಟಗಲದ ಇನ್ನೊಂದು ಗುಂಡಿ... ಹೀಗೆ ಅದು ಬೆಳೆಯುತ್ತದೆ. 19ನೆಯ ಶತಮಾನದ ಜರ್ಮನ್ ಗಣಿತಜ್ಞ ಕ್ಯಾಂಟರ್ ಕಂಡದ್ದನ್ನು ನಮ್ಮವರು ಮೊದಲೇ ಕಂಡಿದ್ದರೆಂದು ಇದನ್ನು ಹಿಡಿದು ಬೀಗುವವರಿದ್ದಾರೆ. ಅದು ಅತಿಯಾಯಿತು. ಕ್ಯಾಂಟರನದು ಸಾಧನೆಯ ಸಮೇತ ಬಂದ ಸಿದ್ಧಾಂತ, ಇದು ವರ್ಗೀಕರಣ. ಆದರೆ 'ಬಹಳ ದೊಡ್ಡದು' ಬೇರೆ, 'ಅನಂತ' ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ. ಅದೇನೂ ಸಣ್ಣದಲ್ಲ.

ಇವುಗಳ ನಡುವೆ ಒಂದು ನಿರ್ದಿಷ್ಟ ಸಂಖ್ಯೆ ವಿಶೇಷ ಗಮನಕ್ಕೆ ಅರ್ಹ. ಲೋಕದಲ್ಲಿ ಮನುಷ್ಯರೆಷ್ಟು ಎಂಬ ಪ್ರಶ್ನೆಗೆ 'ಅನುಯೋಗದ್ವಾರ ಸೂತ್ರ' ಕೊಡುವ ಉತ್ತರ 29 ಸ್ಥಾನಗಳದು. ಎರಡರ ವರ್ಗ 4; ಅದರ ವರ್ಗ 16; ಮುಂದೆ 256, 65536. ಐದನೆಯ ವರ್ಗ 4294967296. ಆರನೆಯದು 18446744073709551616. ಚದುರಂಗದ ಮನೆಗೆ ಒಂದು, ಎರಡು, ನಾಲ್ಕು ಎಂದು ಕಾಳಿಡುವ ಕಥೆ ಕೇಳಿದವರಿಗೆ ಈ ಆರನೆಯದು ಪರಿಚಿತ; ಇದರಲ್ಲಿ ಒಂದು ಕಳೆದರೆ ಆ ಕಥೆಯ ಉತ್ತರ. ಐದನೆಯ ಮತ್ತು ಆರನೆಯ ವರ್ಗಗಳನ್ನು ಗುಣಿಸಿದರೆ ಮನುಷ್ಯರ ಸಂಖ್ಯೆ: 79228162514264337593543950336. ಇದನ್ನೇ ಸೂತ್ರ ಇನ್ನೊಂದು ರೀತಿಯಲ್ಲಿಯೂ ಹೇಳುತ್ತದೆ: 96 ಸಲ ಅರ್ಧಿಸಬಹುದಾದ ಸಂಖ್ಯೆ. ಜನಗಣತಿಯಾಗಿ ಇದು ಯಾವ ಉಪಯೋಗಕ್ಕೂ ಬಾರದು. ಆದರೆ 29 ಅಂಕಿಗಳನ್ನು ನೆನಪಿಡುವ ಬದಲು ಆ ಸಂಖ್ಯೆಯ ಒಂದು ಗುಣವನ್ನು ನೆನಪಿಟ್ಟರೆ ಸಾಕು ಎಂಬ ಉಪಾಯ ನೋಡಬೇಕು. ಅಂಕಿಗಳಲ್ಲಿ ಒಂದು ಅಳಿಸಿದರೂ ಗುಣದಿಂದ ಇಡೀ ಸಂಖ್ಯೆಯನ್ನು ಮತ್ತೆ ಕಟ್ಟಬಹುದು.

ಹೀಗೆ ಅರ್ಧಿಸುತ್ತ ಹೋಗುವ ಎಣಿಕೆಗೆ 'ಅರ್ಧಚ್ಛೇದ' ಎಂಬ ಹೆಸರಿತ್ತು, ಮತ್ತು ಅದರ ನಿಯಮಗಳನ್ನು ವೀರಸೇನಾಚಾರ್ಯ ತನ್ನ 'ಧವಲಾ' ಟೀಕೆಯಲ್ಲಿ ಬಳಸಿದ್ದಾನೆ. ಎರಡನ್ನು ಆಧಾರವಾಗಿ ಇಟ್ಟ ಇಂದಿನ ಲಾಗರಿದಮ್ ಇದೇ. ಧವಲಾ ಮುಗಿದದ್ದು ಹೀರಾಲಾಲ್ ಜೈನ್ ಅವರ ಲೆಕ್ಕದಂತೆ 816ರಲ್ಲಿ. ವೀರಸೇನನ ಶಿಷ್ಯ ಜಿನಸೇನ. ಜಿನಸೇನ ಅಮೋಘವರ್ಷನಿಗೆ ಗುರು. ಅಂದಮೇಲೆ ಗಣಿತಸಾರಸಂಗ್ರಹದ ಹಾರಗಳು ಬೆಳೆದ ನೆಲ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಧವಲಾದ ತಾಳೆಗರಿಗಳು ಉಳಿದದ್ದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಪ್ರಾಕೃತ, ಸಂಸ್ಕೃತಗಳ ಈ ಮಹಾಗ್ರಂಥವನ್ನು ಕನ್ನಡದ ಅಕ್ಷರಗಳು ಕಾಪಾಡಿಕೊಂಡು ಬಂದವು.

ಗಣಿತಸಾರಸಂಗ್ರಹದ್ದೂ ಹೆಚ್ಚುಕಡಿಮೆ ಅದೇ ಕಥೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಹೊರತಂದಾಗ ಅವರ ಕೈಯಲ್ಲಿದ್ದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವು, ಕನ್ನಡದಲ್ಲೇ ಟೀಕೆಯಿದ್ದವು ಸೇರಿದ್ದವು. ತೆಲುಗಿನವರು ಮಾತ್ರ ನಮಗಿಂತ ಬಹಳ ಮುಂದಿದ್ದರು: 11ನೆಯ ಶತಮಾನದಲ್ಲೇ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ಕನ್ನಡದಲ್ಲಿ ಪೂರ್ಣ ಅನುವಾದ ಅಚ್ಚಾಗಲು 2000ನೆಯ ಇಸವಿ ಬರಬೇಕಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಪದ್ಮಾವತಮ್ಮನವರ ಆ ಅನುವಾದವನ್ನು ಪ್ರಕಟಿಸಿದ್ದು ಹೊಂಬುಜದ ಸಿದ್ಧಾಂತಕೀರ್ತಿ ಗ್ರಂಥಮಾಲೆ.

ಸಂಖ್ಯೆಯ ಗುಣ ಬಲ್ಲವರಿಗೆ ಅದರ ಗಾತ್ರ ಹೆದರಿಕೆ ಹುಟ್ಟಿಸುವುದಿಲ್ಲ ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿ ಬೆಂಗಳೂರಿನ ಶಕುಂತಲಾ ದೇವಿ (1929–2013). 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಉತ್ತರಕ್ಕೆ 26 ಅಂಕಿ. ಮಹಾವೀರನ ಮಹಾಕ್ಷೋಭವನ್ನು ದಾಟಿ ಎರಡು ಸ್ಥಾನ ಮುಂದೆ. ಅದಕ್ಕೂ ಮೊದಲು, 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ, 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ್ದರು: 546372891. ಇಂಥ ಲೆಕ್ಕದಲ್ಲಿ 201 ಅಂಕಿಗಳೂ ಒಂದೇ ತೂಕದವಲ್ಲ. ಸಂಖ್ಯೆ 1ರಲ್ಲಿ ಮುಗಿದರೆ ಅದರ 23ನೆಯ ಮೂಲವೂ 1ರಲ್ಲೇ ಮುಗಿಯಬೇಕು. ಮೂಲದ ಮೊದಲ ಅಂಕಿಗಳ ಸುಳಿವು ಸಂಖ್ಯೆಯ ಉದ್ದ ಮತ್ತು ಮೊದಲ ಅಂಕಿಗಳಲ್ಲಿ ಇರುತ್ತದೆ. ಆ ಸುಳಿವುಗಳಿಂದ ಉತ್ತರದವರೆಗೆ ಹೋಗುವ ವೇಗ ಮಾತ್ರ ಅವರದೇ.

ಆದರೆ ಮಹಾವೀರನ ಹಾರಗಳ ನಿಜವಾದ ವಂಶಜರನ್ನು ಹುಡುಕಲು ಬ್ಯಾಂಕಿಗೆ ಹೋಗಬೇಕು. ಎರಡು ಸಂಖ್ಯೆಗಳನ್ನು ಕೊಟ್ಟು ಗುಣಲಬ್ಧ ಕೇಳುವುದು ಅವನ ಲೆಕ್ಕ. ಗುಣಲಬ್ಧ ಕೊಟ್ಟು ಆ ಎರಡನ್ನು ಕೇಳಿದರೆ? ಹಾರ ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ. 15151 ಎಂಬುದನ್ನಷ್ಟೇ ಕೊಟ್ಟು ಅದು ಯಾವ ಎರಡರ ಗುಣಲಬ್ಧ ಎಂದು ಕೇಳಿದರೆ 109ರವರೆಗೆ ಅವಿಭಾಜ್ಯಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾದೀತು. ಅಪವರ್ತನ ಹುಡುಕುವ ವಿಧಾನವೊಂದನ್ನು ನಾರಾಯಣ ಪಂಡಿತ 1356ರ 'ಗಣಿತಕೌಮುದಿ'ಯಲ್ಲಿ ಕೊಟ್ಟಿದ್ದಾನೆ. ಆದರೂ ಸಂಖ್ಯೆ ಬೆಳೆದಂತೆ ಕಷ್ಟ ಬೆಟ್ಟವಾಗುತ್ತದೆ. ಈ ಕಷ್ಟವನ್ನೇ ಬೀಗವಾಗಿ ಬಳಸಬಹುದೆಂದು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ತೋರಿಸಿದರು. ಆ ವರ್ಷ ಸವಾಲಾಗಿ ಪ್ರಕಟವಾದ 129 ಅಂಕಿಗಳ ಸಂಖ್ಯೆಯೊಂದು 1994ರವರೆಗೆ ಒಡೆಯಲಿಲ್ಲ. ಕೊನೆಗೆ ಸುಮಾರು 600 ಮಂದಿ ತಮ್ಮ ಕಂಪ್ಯೂಟರುಗಳನ್ನು ಜೋಡಿಸಿ ಅದನ್ನು 64 ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳಾಗಿ ಬಿಚ್ಚಿದರು. ಹಣ ರವಾನೆಯ ಜಾಲಗಳನ್ನು ಕಾಯುವ ಬೀಗಗಳಲ್ಲಿ ಹಲವು ಇದಕ್ಕಿಂತ ಎಷ್ಟೋ ಉದ್ದನೆಯ ಇಂಥ ಸಂಖ್ಯೆಗಳೇ.

ಒಂದುಗಳಷ್ಟೇ ಇರುವ ಹಾರಗಳ ಬಗ್ಗೆ ಇನ್ನೊಂದು ಮಾತು. ಮಹಾವೀರ ಆರಿಸಿಕೊಂಡದ್ದು ಎಂಟು ಒಂದು, ಒಂಬತ್ತು ಒಂದು, ಮತ್ತು ಆರು ಒಂದರ ವರ್ಗ. ಆರು, ಎಂಟು, ಒಂಬತ್ತು ಸಂಯುಕ್ತ ಸಂಖ್ಯೆಗಳಾದ್ದರಿಂದ ಆ ಹಾರಗಳು ಸಲೀಸಾಗಿ ತುಂಡಾಗುತ್ತವೆ: ಆರು ಒಂದುಗಳನ್ನು 111 ಮತ್ತು 1001 ಎಂದು ಯಾರೂ ಒಡೆಯಬಹುದು. ಒಂದುಗಳ ಎಣಿಕೆಯೇ ಅವಿಭಾಜ್ಯವಾದಾಗ ತೊಡಕು ಶುರು. ಹದಿನೇಳು ಒಂದುಗಳ ಸಂಖ್ಯೆ ಒಡೆಯುತ್ತದೆ, ಆದರೆ 2071723 ಮತ್ತು 5363222357 ಎಂಬ, ಕಣ್ಣಳತೆಗೆ ಸಿಗದ ಎರಡು ತುಂಡುಗಳಾಗಿ. ಹತ್ತೊಂಬತ್ತು ಒಂದುಗಳದು ಒಡೆಯುವುದೇ ಇಲ್ಲ. ಅದು ಅವಿಭಾಜ್ಯವೆಂದು 20ನೆಯ ಶತಮಾನದಲ್ಲಿ ಸಿದ್ಧವಾಯಿತು. ಇಪ್ಪತ್ಮೂರು ಒಂದುಗಳದೂ ಹಾಗೆಯೇ. ಮುಂದಿನದು 317 ಒಂದುಗಳಷ್ಟು ದೂರದಲ್ಲಿದೆ, ಅದರ ಮುಂದಿನದು 1031. ಇಂಥವು ಎಂದಾದರೂ ಮುಗಿಯುತ್ತವೆಯೇ ಎಂಬುದನ್ನು ಯಾರೂ ಸಾಧಿಸಿ ತೋರಿಸಿಲ್ಲ. 11ನ್ನೂ ಸೇರಿಸಿ, ಏಕದಿಂದ ಮಹಾಕ್ಷೋಭದವರೆಗಿನ 24 ಸ್ಥಾನಗಳೊಳಗೆ ಗುಣಾಕಾರದಿಂದ ಕಟ್ಟಲಾಗದ ಒಂದುಗಳ ಹಾರಗಳು ಮೂರೇ ಇವೆ.